ವರ್ಷಕ್ಕೊಮ್ಮೆ ಸಹಿ ಹಾಕುವ ವಿಶ್ವಾಸಪತ್ರ: ವೀಟನ್ ಕಾಲೇಜಿನ ಮೂಲ ನಂಬಿಕೆಗಳು



ನಮ್ಮ ಕರಾವಳಿಯ ಅನೇಕ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಇಂದು ಅಮೆರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿ ಸರಕಾರಿ ಶಾಲೆಗಳಲ್ಲಿ ಧರ್ಮಬೋಧನೆಗೆ ಅವಕಾಶವಿಲ್ಲದಿರುವುದರಿಂದ ಮಕ್ಕಳನ್ನು 'ಕ್ರಿಶ್ಚಿಯನ್ ಶಾಲೆ'ಗೆ ಸೇರಿಸುವ ಆಲೋಚನೆ ಬರುವುದು ಸಹಜ. ಆದರೆ ಅಲ್ಲಿ 'ಕ್ರಿಶ್ಚಿಯನ್ ಶಾಲೆ' ಎಂದರೆ ಬಹುಮಟ್ಟಿಗೆ ಇವ್ಯಾಂಜೆಲಿಕಲ್ ಶಾಲೆ ಎಂದೇ ಅರ್ಥ. ಕಥೋಲಿಕ ಶಾಲೆಯನ್ನು 'ಕ್ಯಾಥೊಲಿಕ್ ಸ್ಕೂಲ್' ಎಂದೇ ಪ್ರತ್ಯೇಕವಾಗಿ ಕರೆಯುವುದು ರೂಢಿ. ಪ್ರವೇಶ ಪತ್ರದ ಜೊತೆಗೆ, ಅಥವಾ ಶಿಕ್ಷಕರ ನೇಮಕಾತಿ ಪತ್ರದ ಜೊತೆಗೆ, 'ನಾವು ನಂಬುತ್ತೇವೆ' ಎಂದು ಆರಂಭವಾಗುವ ಒಂದು ಹಾಳೆ ಇರುತ್ತದೆ. ಅದರಲ್ಲಿ ಏನಿರುತ್ತದೆ, ಅದು ಎಲ್ಲಿಂದ ಬಂತು, ಅದಕ್ಕೆ ಒಬ್ಬ ಕಥೋಲಿಕ ಸಹಿ ಹಾಕಬಹುದೇ ಎಂಬುದನ್ನು ಒಂದು ಪ್ರಸಿದ್ಧ ಸಂಸ್ಥೆಯ ಉದಾಹರಣೆಯ ಮೂಲಕ ಇಲ್ಲಿ ತಿಳಿಸಲು ಯತ್ನಿಸಿದ್ದೇವೆ. ಆ ಸಂಸ್ಥೆ ಇಲಿನಾಯ್ ರಾಜ್ಯದ ವೀಟನ್ ಕಾಲೇಜು. ಶಿಕಾಗೋ ನಗರದಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿರುವ ಈ ಕಾಲೇಜಿನಲ್ಲಿ ಪದವಿ ತರಗತಿಗಳ ವಿದ್ಯಾರ್ಥಿಗಳು ಸುಮಾರು ಎರಡು ಸಾವಿರ. ಸಂಖ್ಯೆಯಲ್ಲಿ ಚಿಕ್ಕದಾದರೂ ಅಮೆರಿಕದ ಇವ್ಯಾಂಜೆಲಿಕಲ್ ಜಗತ್ತಿನಲ್ಲಿ ಅದರ ಮಾತಿಗೆ ತೂಕವಿದೆ.

ಪದದ ಅರ್ಥ

'ಇವ್ಯಾಂಜೆಲಿಕಲ್' ಎಂಬ ಶಬ್ದ ನಮಗೆ ತೀರಾ ಹೊಸದೇನಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್‌ನವರ ಹೆಸರಿನಲ್ಲೇ ಆ ಪದ ಇತ್ತು. ಗ್ರೀಕ್ ಮೂಲದಲ್ಲಿ ಅದರ ಅರ್ಥ ಶುಭಸಂದೇಶಕ್ಕೆ ಸಂಬಂಧಿಸಿದ್ದು ಎಂದು. ಜರ್ಮನ್ ಭಾಷೆಯಲ್ಲಿ ಅದು ಪ್ರೊಟೆಸ್ಟಂಟ್ ಎನ್ನುವುದಕ್ಕೆ ಹತ್ತಿರದ ಪದ. ಇಂಗ್ಲಿಷ್‌ನಲ್ಲಿ ಅದಕ್ಕಿಂತ ಕಿರಿದಾದ ಅರ್ಥ ಪಡೆದಿದೆ. ಬ್ರಿಟಿಷ್ ಇತಿಹಾಸಕಾರ ಡೇವಿಡ್ ಬೆಬಿಂಗ್ಟನ್ 1989ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವರ ನಾಲ್ಕು ಗುರುತುಗಳನ್ನು ಹೇಳಿದ್ದಾರೆ: ಬೈಬಲಿನ ಮೇಲೆ ವಿಶೇಷ ನಿಷ್ಠೆ, ಶಿಲುಬೆಯ ಮೇಲಿನ ಕ್ರಿಸ್ತನ ಬಲಿಗೆ ಕೇಂದ್ರಸ್ಥಾನ, ವೈಯಕ್ತಿಕ ಮನಪರಿವರ್ತನೆಯ ಅಗತ್ಯ ಮತ್ತು ನಂಬಿಕೆಯನ್ನು ಕಾರ್ಯರೂಪಕ್ಕೆ ತರುವ ಚಟುವಟಿಕೆ. ಈಗಲೂ ವಿದ್ವಾಂಸರು ಇದನ್ನೇ ಬಳಸುತ್ತಾರೆ. ಇವರು ಒಂದೇ ಸಭೆಯವರಲ್ಲ. ಬ್ಯಾಪ್ಟಿಸ್ಟರು, ಪ್ರೆಸ್ಬಿಟೇರಿಯನರು, ಕೆಲವು ಆಂಗ್ಲಿಕನರು, ಯಾವ ಪಂಗಡಕ್ಕೂ ಸೇರದ ಸ್ವತಂತ್ರ ಸಭೆಗಳವರು ಎಲ್ಲರೂ ಇದರಲ್ಲಿದ್ದಾರೆ. ಇವರನ್ನೆಲ್ಲ ಒಟ್ಟಿಗೆ ಹಿಡಿದಿಡಲು ಬಿಷಪರೂ ಇಲ್ಲ, ಪೋಪರೂ ಇಲ್ಲ. ಹಾಗಾಗಿ ಬರೆದಿಟ್ಟ ವಿಶ್ವಾಸಪತ್ರವೇ ಇಂಥ ಶಾಲೆಗಳಲ್ಲಿ ಆ ಕೆಲಸ ಮಾಡಬೇಕಾಗುತ್ತದೆ. ನಮ್ಮವರು ಇದನ್ನು ಗಮನಿಸುವುದು ಕಡಿಮೆ.

ಗುಲಾಮಗಿರಿಯ ವಿರೋಧಿ ಸ್ಥಾಪಕ

ಕಾಲೇಜಿನ ಸ್ಥಳದಲ್ಲಿ ಮೊದಲು ವೆಸ್ಲಿಯನ್ ಮೆಥಡಿಸ್ಟರು ನಡೆಸುತ್ತಿದ್ದ 'ಇಲಿನಾಯ್ ಇನ್‌ಸ್ಟಿಟ್ಯೂಟ್' ಎಂಬ ಶಾಲೆಯಿತ್ತು. ಹಣವಿಲ್ಲದೆ ಅದು ಸೋತಾಗ 1860ರಲ್ಲಿ ಜೊನಾಥನ್ ಬ್ಲಾಂಚರ್ಡ್ ಎಂಬ ಪಾಸ್ಟರ್ ವಹಿಸಿಕೊಂಡು ವೀಟನ್ ಕಾಲೇಜನ್ನಾಗಿ ಮಾಡಿದರು. ಜಮೀನು ಕೊಟ್ಟ ವಾರೆನ್ ವೀಟನ್ ಅವರ ಹೆಸರು ಕಾಲೇಜಿಗೆ ಬಂತು. ಬ್ಲಾಂಚರ್ಡ್ ಗುಲಾಮಗಿರಿಯ ಕಟ್ಟಾ ವಿರೋಧಿ. ದಕ್ಷಿಣದ ರಾಜ್ಯಗಳಿಂದ ತಪ್ಪಿಸಿಕೊಂಡು ಬರುತ್ತಿದ್ದ ಗುಲಾಮರಿಗೆ ಆಶ್ರಯ ಕೊಡುವ ಗುಪ್ತ ದಾರಿಯಲ್ಲಿ ಈ ಕಾಲೇಜೂ ಒಂದು ತಂಗುದಾಣವಾಗಿತ್ತು ಎಂಬ ಮಾತು ಬಹಳ ಕಾಲದಿಂದ ಇತ್ತು. 2009ರಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಯೊಬ್ಬನ ಬರಹದಿಂದ ಅದು ದೃಢಪಟ್ಟಿತು. 1866ರಲ್ಲಿಯೇ ಒಬ್ಬ ಕರಿಯ ವಿದ್ಯಾರ್ಥಿ ಅಲ್ಲಿಂದ ಪದವಿ ಪಡೆದಿದ್ದರು. ಬ್ಲಾಂಚರ್ಡ್ ಅವರಿಗೆ ಗುಲಾಮಗಿರಿಯಷ್ಟೇ ಸಿಟ್ಟು ಫ್ರೀಮೇಸನ್‌ರಂಥ ಗುಪ್ತ ಸಂಘಗಳ ಮೇಲೂ ಇತ್ತು. ಈ ಒಂದು ವಿಷಯದಲ್ಲಾದರೂ ಅವರೂ ರೋಮಿನ ಪೋಪರೂ ಒಂದೇ ಕಡೆ ನಿಂತಿದ್ದರು!

ಅವರ ಧ್ಯೇಯವಾಕ್ಯ ಇಂದಿಗೂ ಕಾಲೇಜಿನ ಲಾಂಛನದಲ್ಲಿದೆ: ಕ್ರಿಸ್ತನಿಗಾಗಿ ಮತ್ತು ಅವರ ರಾಜ್ಯಕ್ಕಾಗಿ. 'ರಾಜ್ಯ' ಎಂದರೆ ಬ್ಲಾಂಚರ್ಡ್‌ಗೆ ಸತ್ತ ಮೇಲಿನ ಸ್ವರ್ಗ ಮಾತ್ರವಲ್ಲ. ಅನ್ಯಾಯವಿಲ್ಲದ ಸಮಾಜವೂ ಹೌದು.

ಆದರೆ ಮುಂದಿನ ಕಥೆಯನ್ನೂ ಹೇಳಬೇಕು. ಇಂಥ ಸ್ಥಾಪಕರ ಕಾಲೇಜು ಇಪ್ಪತ್ತನೇ ಶತಮಾನದಲ್ಲಿ ಕರಿಯ ವಿದ್ಯಾರ್ಥಿಗಳಿಗೆ ಬಾಗಿಲು ಕಿರಿದು ಮಾಡಿತು. 1926ರಿಂದ 1940ರವರೆಗೆ ಅಧ್ಯಕ್ಷರಾಗಿದ್ದ ಜೆ. ಆಲಿವರ್ ಬಸ್‌ವೆಲ್ ಅವರ ಕಾಲದಲ್ಲಿ ಬಣ್ಣದ ಕಾರಣಕ್ಕೆ ಪ್ರವೇಶ ನಿರಾಕರಿಸಲಾಗಿತ್ತು. ಕಾಲೇಜೇ ನೇಮಿಸಿದ ಸಮಿತಿ 2023ರಲ್ಲಿ ಈ ಇತಿಹಾಸವನ್ನು ಮುಚ್ಚುಮರೆಯಿಲ್ಲದೆ ವರದಿ ಮಾಡಿತು. ಗ್ರಂಥಾಲಯಕ್ಕೆ ಇಟ್ಟಿದ್ದ ಬಸ್‌ವೆಲ್ ಹೆಸರನ್ನು ತೆಗೆಯಲಾಯಿತು. ಗಮನಿಸಿ, ಬಸ್‌ವೆಲ್ ಅಧ್ಯಕ್ಷರಾದದ್ದೂ ಕಾಲೇಜಿನ ವಿಶ್ವಾಸಪತ್ರ ಅಂಗೀಕಾರವಾದದ್ದೂ ಒಂದೇ ವರ್ಷ. ಸಿದ್ಧಾಂತದ ಕಾವಲು ಬಿಗಿಯಾಗಿದ್ದ ಕಾಲದಲ್ಲೇ ನೆರೆಯವನ ವಿಷಯದಲ್ಲಿ ಕಾವಲು ಸಡಿಲವಾಗಿತ್ತು.

1926ರ ಪತ್ರ ಏಕೆ ಬಂತು?

ಬ್ಲಾಂಚರ್ಡ್ ನಂತರ ಅವರ ಮಗ ಚಾರ್ಲ್ಸ್ ಬ್ಲಾಂಚರ್ಡ್ 1882ರಿಂದ 1925ರವರೆಗೆ ಕಾಲೇಜನ್ನು ನಡೆಸಿದರು. ಆ ದಶಕಗಳಲ್ಲಿ ಅಮೆರಿಕದ ಪ್ರೊಟೆಸ್ಟಂಟರಲ್ಲಿ ದೊಡ್ಡ ಒಡಕು ಕಾಣಿಸಿಕೊಂಡಿತ್ತು. ಜರ್ಮನಿಯಿಂದ ಬಂದ ಬೈಬಲ್ ವಿಮರ್ಶೆ, ಡಾರ್ವಿನ್ನನ ವಿಕಾಸವಾದ ಇವುಗಳ ಪ್ರಭಾವದಿಂದ ಕನ್ಯಾಜನನ, ಪುನರುತ್ಥಾನ ಮೊದಲಾದವನ್ನು ಅಕ್ಷರಶಃ ನಂಬಬೇಕಿಲ್ಲ ಎನ್ನುವವರು ಒಂದು ಕಡೆ. ಇವು ಬಿಟ್ಟರೆ ಕ್ರೈಸ್ತ ಧರ್ಮವೇ ಉಳಿಯದು ಎನ್ನುವವರು ಇನ್ನೊಂದು ಕಡೆ. ಎರಡನೆಯವರು 1910ರಿಂದ 1915ರವರೆಗೆ 'ದ ಫಂಡಮೆಂಟಲ್ಸ್' ಎಂಬ ಹನ್ನೆರಡು ಪುಸ್ತಿಕೆಗಳನ್ನು ಹಂಚಿದರು. 'ಫಂಡಮೆಂಟಲಿಸ್ಟ್' ಎಂಬ ಪದ ಹುಟ್ಟಿದ್ದು ಇದರಿಂದ. ಇಂದು ಪತ್ರಿಕೆಗಳು ಅದನ್ನು ಬಳಸುವ ಅರ್ಥವೇ ಬೇರೆ. 1919ರಲ್ಲಿ ಈ ಗುಂಪಿನವರು ಫಿಲಡೆಲ್ಫಿಯಾದಲ್ಲಿ ಸೇರಿ ನಂಬಿಕೆಯ ಪ್ರಕಟಣೆ ಹೊರಡಿಸಿದಾಗ ಅದರ ಕರಡು ರಚನೆಯಲ್ಲಿ ಚಾರ್ಲ್ಸ್ ಬ್ಲಾಂಚರ್ಡ್ ಮುಖ್ಯ ಪಾತ್ರ ವಹಿಸಿದ್ದರು.

1925ರ ಜುಲೈಯಲ್ಲಿ ಟೆನೆಸ್ಸೀಯ ಡೇಟನ್ ಎಂಬ ಪಟ್ಟಣದಲ್ಲಿ, ವಿಕಾಸವಾದ ಕಲಿಸಿದ ಶಿಕ್ಷಕ ಜಾನ್ ಸ್ಕೋಪ್ಸ್ ಮೇಲೆ ಮೊಕದ್ದಮೆ ನಡೆದು ಇಡೀ ದೇಶದ ಗಮನ ಸೆಳೆಯಿತು. ಅದೇ ವರ್ಷದ ಕೊನೆಯಲ್ಲಿ ಬ್ಲಾಂಚರ್ಡ್ ತೀರಿಕೊಂಡರು. ಮರುವರ್ಷ, 1926ರಲ್ಲಿ, ಕಾಲೇಜಿನ ಟ್ರಸ್ಟಿಗಳು ವಿಶ್ವಾಸಪತ್ರವನ್ನು ಅಧಿಕೃತವಾಗಿ ಅಂಗೀಕರಿಸಿದರು. ಕಾಲೇಜುಗಳು ಸ್ಥಾಪಕರ ನಂಬಿಕೆಯಿಂದ ಮೆಲ್ಲಮೆಲ್ಲನೆ ದೂರ ಸರಿಯುವುದನ್ನು ಅವರು ಕಣ್ಣಾರೆ ಕಂಡಿದ್ದರು. ಹಾರ್ವರ್ಡ್, ಯೇಲ್ ಎರಡೂ ಪಾಸ್ಟರುಗಳ ತರಬೇತಿಯನ್ನು ಮುಖ್ಯ ಗುರಿಯಾಗಿಟ್ಟು ಹುಟ್ಟಿದ ಸಂಸ್ಥೆಗಳೇ ಅಲ್ಲವೇ? ಇದು ತಮ್ಮಲ್ಲಿ ಆಗಬಾರದೆಂದು ಟ್ರಸ್ಟಿಗಳು, ಅಧ್ಯಾಪಕರು, ಸಿಬ್ಬಂದಿ ಪ್ರತಿ ವರ್ಷವೂ ಅದನ್ನು ಪುನಃ ದೃಢೀಕರಿಸುವ ಪದ್ಧತಿ ಬೆಳೆಯಿತು. ಭೌತಶಾಸ್ತ್ರ ಕಲಿಸುವವರಿಗೂ ಇದು ಅನ್ವಯಿಸುತ್ತದೆ, ಸಂಗೀತ ಕಲಿಸುವವರಿಗೂ ಅನ್ವಯಿಸುತ್ತದೆ.

ಪತ್ರದಲ್ಲಿ ಇರುವುದೇನು?

ನಾವು ಭಾನುವಾರದ ಬಲಿಪೂಜೆಯಲ್ಲಿ ಹೇಳುವ ವಿಶ್ವಾಸ ಪ್ರಮಾಣವನ್ನು ಮುಂದಿಟ್ಟುಕೊಂಡು ಓದಿದರೆ ಅದರ ಬಹುಭಾಗ ನಮಗೆ ಪರಿಚಿತವೇ. ಮೂರು ವ್ಯಕ್ತಿಗಳಲ್ಲಿ ಒಬ್ಬನೇ ದೇವರು. ಪವಿತ್ರಾತ್ಮರಿಂದ ಗರ್ಭಧರಿಸಲ್ಪಟ್ಟು ಕನ್ಯಾ ಮರಿಯಮ್ಮನವರಲ್ಲಿ ಜನಿಸಿದ, ನಿಜವಾದ ದೇವರೂ ನಿಜವಾದ ಮನುಷ್ಯರೂ ಆದ ಯೇಸುಕ್ರಿಸ್ತ. ನಮ್ಮ ಪಾಪಗಳಿಗಾಗಿ ಅವರ ಮರಣ, ಶರೀರಸಹಿತ ಪುನರುತ್ಥಾನ, ಸ್ವರ್ಗಾರೋಹಣ, ಮಹಿಮೆಯಲ್ಲಿ ಪುನರಾಗಮನ. ಸತ್ತವರ ಪುನರುತ್ಥಾನ, ನಿತ್ಯಜೀವ, ನಿತ್ಯಶಿಕ್ಷೆ. ಸೈತಾನನ ಅಸ್ತಿತ್ವವನ್ನೂ ಹೇಳಿದೆ. ಬಡವರ ಹಿತ, ದೇವರ ಸೃಷ್ಟಿಯ ಪಾಲನೆ ಕ್ರೈಸ್ತರ ಕರ್ತವ್ಯವೆಂದೂ ಹೇಳಿದೆ. ಇಷ್ಟರಲ್ಲಿ ಯಾವ ಕಥೋಲಿಕನಿಗೂ ತಕರಾರಿಲ್ಲ. ಸೂಕ್ಷ್ಮವಾದ ಜಾಗಗಳು ಮೂರು ನಾಲ್ಕು ಮಾತ್ರ.

ಮೊದಲನೆಯದು ಬೈಬಲ್. ಹಳೆಯ ಮತ್ತು ಹೊಸ ಒಡಂಬಡಿಕೆಗಳ ಪದಪದವೂ ದೈವಪ್ರೇರಿತ, ಮೂಲ ಬರಹದಲ್ಲಿ ತಪ್ಪಿಲ್ಲದ್ದು, ಹೇಳುವ ಎಲ್ಲದರಲ್ಲೂ ಪರಮ ಹಾಗೂ ಅಂತಿಮ ಅಧಿಕಾರವುಳ್ಳದ್ದು ಎಂದು ವೀಟನ್ ಸಾರುತ್ತದೆ. 'ಮೂಲ ಬರಹದಲ್ಲಿ' ಎಂಬ ಮಾತಿಗೆ ಅರ್ಥವಿದೆ: ಆ ಮೂಲ ಹಸ್ತಪ್ರತಿಗಳು ಇಂದು ಯಾರ ಬಳಿಯೂ ಇಲ್ಲ, ನಕಲು ಮಾಡುವವರಿಂದ ಆದ ಅಕ್ಷರ ದೋಷಗಳನ್ನು ಒಪ್ಪಿಕೊಳ್ಳಲು ಅದು ಅವಕಾಶ ಕೊಡುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ 'ದೇಯಿ ವೆರ್ಬುಮ್' ದಾಖಲೆಯೂ ಧರ್ಮಗ್ರಂಥ ತಪ್ಪಿಲ್ಲದೆ ಬೋಧಿಸುತ್ತದೆ ಎನ್ನುತ್ತದೆ. ಆದರೆ ಆ ಮಾತನ್ನು ನಮ್ಮ ರಕ್ಷಣೆಗಾಗಿ ದೇವರು ಅದರಲ್ಲಿ ಇರಿಸಲು ಬಯಸಿದ ಸತ್ಯಕ್ಕೆ ಜೋಡಿಸುತ್ತದೆ. ಜೊತೆಗೆ ಪವಿತ್ರ ಪರಂಪರೆ ಮತ್ತು ಧರ್ಮಸಭೆಯ ಬೋಧನಾಧಿಕಾರ ಇವೆರಡನ್ನೂ ಧರ್ಮಗ್ರಂಥದಿಂದ ಬಿಡಿಸಲಾಗದು ಎನ್ನುತ್ತದೆ. ಹಾಗೆಂದು ಬೋಧನಾಧಿಕಾರ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವಕ ಎಂದೂ ಅದೇ ದಾಖಲೆ ಹೇಳುತ್ತದೆ. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡನೆಯದು ಆದಾಮ ಮತ್ತು ಹವ್ವ. ಇದು 1926ರ ಪತ್ರದಲ್ಲಿ ಈಗಿನಷ್ಟು ಸ್ಪಷ್ಟವಾಗಿರಲಿಲ್ಲ. ಕಾಲೇಜಿನಲ್ಲಿ ನಡೆದ ಒಂದು ವಿಜ್ಞಾನ ಗೋಷ್ಠಿಯ ಬಗ್ಗೆ ಹೊರಗೆ ಗದ್ದಲವೆದ್ದಾಗ 1961ರಲ್ಲಿ ಟ್ರಸ್ಟಿಗಳು ಇದರ ವಿವರಣೆಯನ್ನು ಸೇರಿಸಿದರು. ದೇವರು ಆದಾಮ ಹವ್ವರನ್ನು ನೇರವಾಗಿ ಸೃಷ್ಟಿಸಿದರು, ಅವರು ಇಡೀ ಮಾನವಕುಲದ ಐತಿಹಾಸಿಕ ತಂದೆತಾಯಿ ಎಂಬುದು ಈಗಿರುವ ಮಾತಿನ ಸಾರ. ಭೂಮಿಯ ವಯಸ್ಸು ಎಷ್ಟು, ಸೃಷ್ಟಿಯ ದಿನಗಳು ಇಪ್ಪತ್ತನಾಲ್ಕು ಗಂಟೆಯವೇ ಎಂಬುದನ್ನು ಪತ್ರ ಹೇಳುವುದಿಲ್ಲ. ಆದ್ದರಿಂದಲೇ ಅಲ್ಲಿ ಭೂವಿಜ್ಞಾನ ವಿಭಾಗ ಯಾವ ಮುಜುಗರವೂ ಇಲ್ಲದೆ ಕೆಲಸ ಮಾಡುತ್ತದೆ. ವೀಟನ್‌ನಲ್ಲಿ ಹಳೆಯ ಒಡಂಬಡಿಕೆ ಕಲಿಸಿದ ಜಾನ್ ವಾಲ್ಟನ್ 2015ರಲ್ಲಿ ಆದಾಮ ಹವ್ವರ ಬಗ್ಗೆ ಬರೆದ ಪುಸ್ತಕದಲ್ಲಿ, ಅವರು ನಿಜ ವ್ಯಕ್ತಿಗಳೆಂದು ಒಪ್ಪಿಯೇ, ಆದಿಕಾಂಡ ಭೌತಿಕ ಉತ್ಪತ್ತಿಯ ವಿವರ ಕೊಡುವ ಗ್ರಂಥವಲ್ಲ ಎಂದು ವಾದಿಸಿದರು. ನಮ್ಮಲ್ಲಿ ಪೋಪ್ ಹನ್ನೆರಡನೇ ಪಿಯುಸ್ 1950ರ 'ಹುಮಾನಿ ಜೆನೆರಿಸ್' ಪತ್ರದಲ್ಲಿ ಮಾನವ ಶರೀರದ ವಿಕಾಸದ ಬಗ್ಗೆ ಸಂಶೋಧನೆಗೆ ಅವಕಾಶ ಕೊಟ್ಟು, ಆತ್ಮವನ್ನು ದೇವರೇ ನೇರವಾಗಿ ಸೃಷ್ಟಿಸುತ್ತಾರೆ ಎಂದು ಎಚ್ಚರಿಸಿದರು. 1996ರಲ್ಲಿ ಪೋಪ್ ಎರಡನೇ ಜಾನ್ ಪಾವ್ಲ್ ವಿಕಾಸವಾದ ಬರೀ ಊಹೆಗಿಂತ ಹೆಚ್ಚಿನದು ಎಂದರು. ಈ ವಿಷಯದಲ್ಲಿ ಕಥೋಲಿಕ ಶಾಲೆಯ ಜೀವಶಾಸ್ತ್ರ ಶಿಕ್ಷಕರು ಹೆಚ್ಚು ನಿರಾಳ ಎಂದು ನಮ್ಮ ಅನಿಸಿಕೆ.

ಮೂರನೆಯದು ರಕ್ಷಣೆ. ಕ್ರಿಸ್ತ ನಮ್ಮ ಪರವಾಗಿ, ನಮ್ಮ ಬದಲಿಗೆ ಬಲಿಯಾದರು. ಅವರನ್ನು ನಂಬುವವರು ಅವರ ರಕ್ತದಿಂದ ನೀತಿವಂತರೆಂದು ಎಣಿಸಲ್ಪಟ್ಟು ಕ್ಷಮೆ ಪಡೆಯುತ್ತಾರೆ. ವಿಶ್ವಾಸದಿಂದ ಅವರನ್ನು ಸ್ವೀಕರಿಸುವವರು ಪವಿತ್ರಾತ್ಮರಿಂದ ಹೊಸ ಜನ್ಮ ಪಡೆಯುತ್ತಾರೆ ಎಂಬುದು ಅಲ್ಲಿನ ಬೋಧನೆ. ಓದುಗರು ಊಹಿಸುವ 'ವಿಶ್ವಾಸದಿಂದ ಮಾತ್ರ' ಎಂಬ ಲೂಥರ್‌ನ ಘೋಷಣೆ ಅಲ್ಲಿಲ್ಲ. 'ಬೈಬಲ್ ಮಾತ್ರ' ಎಂಬ ಪದಗಳೂ ಇಲ್ಲ. ಟ್ರೆಂಟ್ ಮಹಾಸಭೆ 1547ರಲ್ಲಿ ಯಾವುದನ್ನು ಖಂಡಿಸಿತೋ ಆ ಮಾತು ಅಲ್ಲಿ ಅಕ್ಷರದಲ್ಲಿ ಸಿಗುವುದಿಲ್ಲ, ಭಾವದಲ್ಲಿ ಇರಬಹುದು.

ನಾಲ್ಕನೆಯದು ಇಲ್ಲದಿರುವ ವಿಷಯ. ಧರ್ಮಸಭೆ ಒಂದೇ, ಪವಿತ್ರ, ಸಾರ್ವತ್ರಿಕ ಎಂದಿದೆ. 'ಪ್ರೇಷಿತ' ಎಂಬ ನಾಲ್ಕನೇ ಗುರುತು ಆ ಸಾಲಿನಲ್ಲಿ ಇಲ್ಲ. ಸಂಸ್ಕಾರಗಳ ಬಗ್ಗೆ ಒಂದು ಮಾತೂ ಇಲ್ಲ. ಶಿಶುಗಳಿಗೆ ಸ್ನಾನದೀಕ್ಷೆ ಕೊಡಬೇಕೇ, ಪರಮಪ್ರಸಾದದಲ್ಲಿ ಕ್ರಿಸ್ತ ಹೇಗೆ ಇದ್ದಾರೆ ಎಂಬುದರಲ್ಲಿ ಇವ್ಯಾಂಜೆಲಿಕಲ್ ಸಭೆಗಳೇ ತಮ್ಮತಮ್ಮಲ್ಲಿ ಒಪ್ಪುವುದಿಲ್ಲ. ಬ್ಯಾಪ್ಟಿಸ್ಟನೂ ಆಂಗ್ಲಿಕನನೂ ಒಂದೇ ಪತ್ರಕ್ಕೆ ಸಹಿ ಹಾಕಬೇಕಾದರೆ ಕೆಲವನ್ನು ಹೇಳದೆ ಬಿಡುವುದೇ ಜಾಣತನ. ನಮ್ಮ ವಿಶ್ವಾಸ ಜೀವನ ಬಲಿಪೂಜೆಯ ಸುತ್ತ ಸುತ್ತುವುದರಿಂದ ಈ ಖಾಲಿ ಜಾಗ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ನಡತೆಯ ಒಡಂಬಡಿಕೆ

ವಿದ್ಯಾರ್ಥಿಗಳು ವಿಶ್ವಾಸಪತ್ರಕ್ಕೆ ಸಹಿ ಹಾಕಬೇಕಿಲ್ಲ. ಅವರಿಗೆ 'ಸಮುದಾಯದ ಒಡಂಬಡಿಕೆ' ಎಂಬ ನಡತೆಯ ಪತ್ರವಿದೆ. ಮದ್ಯ, ತಂಬಾಕು, ಜೂಜು, ವಿವಾಹದ ಹೊರಗಿನ ಸಂಬಂಧ ಇವೆಲ್ಲ ಅದರಲ್ಲಿ ಬರುತ್ತವೆ. ಮೊದಲು ಇದ್ದ ನಿಯಮಗಳು ಇನ್ನೂ ಕಟ್ಟುನಿಟ್ಟು. ಕುಣಿತಕ್ಕೆ ದಶಕಗಳ ಕಾಲ ನಿಷೇಧವಿತ್ತು. 2003ರಲ್ಲಿ ಹಳೆಯ ಪತ್ರ ಹೋಗಿ ಹೊಸ ಒಡಂಬಡಿಕೆ ಬಂದಾಗ ಆ ನಿಷೇಧ ತೆರವಾಯಿತು. ಅದೇ ನವೆಂಬರ್‌ನಲ್ಲಿ ಕಾಲೇಜಿನಲ್ಲಿ ಮೊದಲ ಡ್ಯಾನ್ಸ್ ನಡೆಯಿತು. ಮದುವೆಯ ಮನೆಯಲ್ಲಿ ಬ್ಯಾಂಡ್ ಇಲ್ಲದಿದ್ದರೆ ಊಟವೇ ಇಳಿಯದ ನಮ್ಮ ಕರಾವಳಿಯವರಿಗೆ ಇದೊಂದು ಸುದ್ದಿಯೇ ಎನಿಸಬಹುದು, ಆದರೆ ಅಮೆರಿಕದ ಪತ್ರಿಕೆಗಳಲ್ಲಿ ಅದು ಸುದ್ದಿಯಾಗಿತ್ತು. ಅಧ್ಯಾಪಕರು ಖಾಸಗಿಯಾಗಿ ಮದ್ಯ ಸೇವಿಸಬಾರದೆಂಬ ನಿಯಮವೂ ಆಗಲೇ ಸಡಿಲವಾಯಿತು.

ವಾರಕ್ಕೆ ಮೂರು ದಿನ ಎಲ್ಲರೂ ಎಡ್ಮನ್ ಪ್ರಾರ್ಥನಾಲಯದಲ್ಲಿ ಸೇರುವುದು ಇಲ್ಲಿನ ಹಳೆಯ ವಾಡಿಕೆ. ಆ ಕಟ್ಟಡಕ್ಕೆ ಹೆಸರು ಕೊಟ್ಟ ರೇಮಂಡ್ ಎಡ್ಮನ್ 1940ರಿಂದ 1965ರವರೆಗೆ ಅಧ್ಯಕ್ಷರಾಗಿದ್ದವರು. 1967ರ ಸೆಪ್ಟೆಂಬರ್‌ನಲ್ಲಿ ಅದೇ ವೇದಿಕೆಯಲ್ಲಿ, ರಾಜಾಧಿರಾಜನ ಸನ್ನಿಧಿಯಲ್ಲಿ ಹೇಗಿರಬೇಕೆಂದು ವಿದ್ಯಾರ್ಥಿಗಳಿಗೆ ಪ್ರವಚನ ಕೊಡುತ್ತಿದ್ದಾಗಲೇ ಕುಸಿದು ಪ್ರಾಣಬಿಟ್ಟರು. ಈ ಕಾಲೇಜಿನಿಂದ ಹೊರಬಂದವರಲ್ಲಿ 1943ರ ಬಿಲ್ಲಿ ಗ್ರಹಾಂ ಎಲ್ಲರಿಗೂ ಗೊತ್ತು; ಅವರು ಅಲ್ಲಿ ಓದಿದ್ದು ದೈವಶಾಸ್ತ್ರವಲ್ಲ, ಮಾನವಶಾಸ್ತ್ರ. 1949ರ ಜಿಮ್ ಎಲಿಯಟ್ ಈಕ್ವಡಾರ್‌ನ ಕಾಡಿನಲ್ಲಿ 1956ರ ಜನವರಿ 8ರಂದು ನಾಲ್ವರು ಸಂಗಡಿಗರೊಂದಿಗೆ ಈಟಿಗೆ ಬಲಿಯಾದ ಮಿಶನರಿ.

ಒಬ್ಬ ಅಧ್ಯಾಪಕರ ಕಥೆ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಜೋಶುವಾ ಹೋಕ್‌ಶೀಲ್ಡ್ 2001ರಲ್ಲಿ ವೀಟನ್‌ನಲ್ಲಿ ತತ್ವಶಾಸ್ತ್ರದ ಸಹಾಯಕ ಪ್ರಾಧ್ಯಾಪಕರಾಗಿ ಸೇರಿದರು. ಆಗ ಅವರು ಎಪಿಸ್ಕೋಪಲ್ ಸಭೆಯವರು. ಅವರ ವಿಷಯ ಮಧ್ಯಯುಗದ ತತ್ವಶಾಸ್ತ್ರ, ಅಂದರೆ ಸಂತ ಥಾಮಸ್ ಅಕ್ವಿನಾಸರ ಕಾಲ. 2004ರ ಪಾಸ್ಖ ಹಬ್ಬದಲ್ಲಿ ಅವರು ಕಥೋಲಿಕ ಧರ್ಮಸಭೆ ಸೇರಿದರು. ಅಧ್ಯಕ್ಷ ಡ್ವೇನ್ ಲಿಟ್‌ಫಿನ್ ಅವರಿಗೆ ಇದು ಸಮಸ್ಯೆಯಾಯಿತು. ಕಥೋಲಿಕರು ಪರಂಪರೆಗೂ ಪೋಪರಿಗೂ ಅಧಿಕಾರ ಕೊಡುವುದರಿಂದ, ಬೈಬಲಿಗೆ ಪರಮ ಹಾಗೂ ಅಂತಿಮ ಅಧಿಕಾರ ಎಂಬ ಮಾತಿಗೆ ಪ್ರಾಮಾಣಿಕವಾಗಿ ಸಹಿ ಹಾಕಲಾರರು ಎಂಬುದು ಅವರ ನಿಲುವು. ಹೋಕ್‌ಶೀಲ್ಡ್ ಒಪ್ಪಲಿಲ್ಲ. ಪತ್ರದ ಪ್ರತಿ ವಾಕ್ಯಕ್ಕೂ ತಾನು ಈಗಲೂ ಸಹಿ ಹಾಕಬಲ್ಲೆ, ಬೈಬಲ್ ಮಾತ್ರ ಎಂದು ಅಲ್ಲಿ ಬರೆದಿಲ್ಲ, ಬೋಧನಾಧಿಕಾರ ಧರ್ಮಗ್ರಂಥದ ಮೇಲಿನ ಅಧಿಕಾರವಲ್ಲ ಎಂಬುದು ಅವರ ವಾದ. ಕೊನೆಗೆ ಅವರ ಒಪ್ಪಂದ ಮುಂದುವರಿಯಲಿಲ್ಲ. 2005ರಲ್ಲಿ ಅವರು ಮೇರಿಲ್ಯಾಂಡ್‌ನ ಎಮ್ಮಿಟ್ಸ್‌ಬರ್ಗ್‌ನಲ್ಲಿರುವ ಮೌಂಟ್ ಸೇಂಟ್ ಮೇರಿಸ್ ಎಂಬ ಕಥೋಲಿಕ ವಿಶ್ವವಿದ್ಯಾನಿಲಯಕ್ಕೆ, ಕಡಿಮೆ ಸಂಬಳಕ್ಕೆ, ಹೋದರು. 2006ರ ಜನವರಿಯಲ್ಲಿ 'ವಾಲ್ ಸ್ಟ್ರೀಟ್ ಜರ್ನಲ್' ಮುಖಪುಟದಲ್ಲಿ ಪ್ರಕಟಿಸಿದಾಗ ವಿಷಯ ಎಲ್ಲರಿಗೂ ತಿಳಿಯಿತು.

ಇದನ್ನು ಕೇಳಿದ ತಕ್ಷಣ ನಮ್ಮಲ್ಲಿ ಹಲವರಿಗೆ ಸಿಟ್ಟು ಬರಬಹುದು. ಸ್ವಲ್ಪ ತಾಳಿ. ಲಿಟ್‌ಫಿನ್ ತಮ್ಮ 2004ರ ಪುಸ್ತಕದಲ್ಲಿ ಎರಡು ಬಗೆಯ ಕ್ರೈಸ್ತ ಕಾಲೇಜುಗಳನ್ನು ವಿವರಿಸಿದ್ದಾರೆ. ಒಂದು 'ಕೊಡೆ'ಯಂಥದ್ದು: ಕೊಡೆ ಹಿಡಿದವರು ಕ್ರೈಸ್ತರು, ಕೆಳಗೆ ಯಾರು ಬೇಕಾದರೂ ನಿಲ್ಲಬಹುದು. ಇನ್ನೊಂದರಲ್ಲಿ ನಂಬಿಕೆ ಇಡೀ ದೇಹದ ರಕ್ತದ ಹಾಗೆ: ಪ್ರತಿಯೊಬ್ಬ ಅಧ್ಯಾಪಕರೂ ಅದನ್ನು ಬದುಕಬೇಕು. ವೀಟನ್ ಎರಡನೆಯ ಬಗೆಯದು. ಕಥೋಲಿಕ ಕಾಲೇಜುಗಳು ಬಹುತೇಕ ಮೊದಲನೆಯ ಬಗೆಯವು; ನಮ್ಮ ದೇಶದಲ್ಲಂತೂ ಕಥೋಲಿಕ ಸಂಸ್ಥೆಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಎಲ್ಲ ಧರ್ಮದವರು.

ಆದರೆ ನಮ್ಮ ಸಭೆಗೂ ಈ ಚಿಂತೆ ಇಲ್ಲವೆಂದಲ್ಲ. ಧರ್ಮಸಭೆಯ ಕಾನೂನಿನ 803ನೇ ವಿಧಿ ಕಥೋಲಿಕ ಶಾಲೆಯ ಶಿಕ್ಷಕರು ಸರಿಯಾದ ಬೋಧನೆ ಮತ್ತು ಸಚ್ಚಾರಿತ್ರ್ಯದಲ್ಲಿ ಎದ್ದು ಕಾಣಬೇಕು ಎನ್ನುತ್ತದೆ. 812ನೇ ವಿಧಿಯಂತೆ ದೈವಶಾಸ್ತ್ರ ಕಲಿಸುವವರಿಗೆ ಧರ್ಮಾಧಿಕಾರಿಯ ಅನುಮತಿ ಬೇಕು. 1990ರಲ್ಲಿ ಪೋಪ್ ಎರಡನೇ ಜಾನ್ ಪಾವ್ಲ್ ಹೊರಡಿಸಿದ 'ಎಕ್ಸ್ ಕೋರ್ದೆ ಎಕ್ಲೇಸಿಯೇ' ಶಾಸನ, ಕಥೋಲಿಕ ವಿಶ್ವವಿದ್ಯಾನಿಲಯದಲ್ಲಿ ಕಥೋಲಿಕೇತರ ಅಧ್ಯಾಪಕರು ಬಹುಸಂಖ್ಯಾತರಾಗಬಾರದು ಎಂದಿತು. ಅಂದರೆ ನಾವು ದೈವಶಾಸ್ತ್ರದ ವಿಭಾಗದಲ್ಲಿ ಕೇಳುವುದನ್ನು ಅವರು ಗಣಿತದ ವಿಭಾಗದಲ್ಲೂ ಕೇಳುತ್ತಾರೆ. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾನೂನು ಧಾರ್ಮಿಕ ಸಂಸ್ಥೆಗಳಿಗೆ ತಮ್ಮ ಧರ್ಮದವರನ್ನೇ ನೇಮಿಸಿಕೊಳ್ಳುವ ವಿನಾಯಿತಿ ಕೊಟ್ಟಿರುವುದರಿಂದ ಕಾಲೇಜಿನ ಹಕ್ಕನ್ನು ಪ್ರಶ್ನಿಸುವಂತಿರಲಿಲ್ಲ. ಹೋಕ್‌ಶೀಲ್ಡ್ ಅವರೂ ಆ ಹಕ್ಕನ್ನು ಪ್ರಶ್ನಿಸಲಿಲ್ಲ. ಪತ್ರದ ಅರ್ಥವನ್ನು ಪತ್ರದಲ್ಲಿರುವ ಪದಗಳು ನಿರ್ಧರಿಸಬೇಕೇ, ಅಧ್ಯಕ್ಷರ ಓದು ನಿರ್ಧರಿಸಬೇಕೇ ಎಂಬುದು ಅವರ ಪ್ರಶ್ನೆ. ಬರಹವನ್ನು ಅಧಿಕೃತವಾಗಿ ವ್ಯಾಖ್ಯಾನಿಸುವ ಒಬ್ಬರು ಬೇಕೇ ಬೇಕು ಎಂದಾದರೆ, ಅದು ಪ್ರೊಟೆಸ್ಟಂಟರು ನಮ್ಮಲ್ಲಿ ಕಂಡು ಹಿಡಿಸದ ಬೋಧನಾಧಿಕಾರವೇ ಆಯಿತಲ್ಲ ಎಂದು ನಮಗೆ ತೋರುತ್ತದೆ.

ಇನ್ನೊಂದು ಪ್ರಕರಣ

ಹತ್ತು ವರ್ಷಗಳ ಬಳಿಕ ವಿಶ್ವಾಸಪತ್ರ ಮತ್ತೆ ಸುದ್ದಿಗೆ ಬಂತು. ರಾಜ್ಯಶಾಸ್ತ್ರದ ಪ್ರಾಧ್ಯಾಪಕಿ ಲಾರಿಷಿಯಾ ಹಾಕಿನ್ಸ್ ಅಲ್ಲಿ ಕಾಯಂ ಹುದ್ದೆ ಪಡೆದ ಮೊದಲ ಕರಿಯ ಮಹಿಳೆ. 2015ರ ಡಿಸೆಂಬರ್ 10ರಂದು, ಆಗಮನ ಕಾಲದಲ್ಲಿ, ಮುಸ್ಲಿಮರ ವಿರುದ್ಧ ದ್ವೇಷದ ಮಾತುಗಳು ಕೇಳಿಬರುತ್ತಿದ್ದಾಗ, ಅವರಿಗೆ ಬೆಂಬಲವಾಗಿ ತಾನು ಹಿಜಾಬ್ ಧರಿಸುವೆನೆಂದು ಅವರು ಫೇಸ್‌ಬುಕ್‌ನಲ್ಲಿ ಬರೆದರು. ಪೋಪ್ ಫ್ರಾನ್ಸಿಸ್ ಹೇಳಿದಂತೆ ನಾವು ಆರಾಧಿಸುವುದು ಒಂದೇ ದೇವರನ್ನು ಎಂದೂ ಸೇರಿಸಿದರು. ಕೆಲವೇ ದಿನಗಳಲ್ಲಿ ಕಾಲೇಜು ಅವರನ್ನು ರಜೆಯ ಮೇಲೆ ಕಳುಹಿಸಿತು. ಹಿಜಾಬ್‌ಗಾಗಿ ಅಲ್ಲ, 'ಒಂದೇ ದೇವರು' ಎಂಬ ಮಾತು ವಿಶ್ವಾಸಪತ್ರಕ್ಕೆ ಹೊಂದುವುದೇ ಎಂಬ ಕಾರಣಕ್ಕೆ ಎಂದು ವಿವರಿಸಿತು. ಜನವರಿಯಲ್ಲಿ ಅವರನ್ನು ತೆಗೆದುಹಾಕುವ ಪ್ರಕ್ರಿಯೆ ಆರಂಭವಾದಾಗ ಸಹೋದ್ಯೋಗಿಗಳೇ ವಿರೋಧಿಸಿದರು. ಆ ಶಿಫಾರಸು ಮಾಡಿದ್ದ ಪ್ರೊವೋಸ್ಟ್ ಕ್ಷಮೆ ಕೇಳಿ ಅದನ್ನು ಹಿಂತೆಗೆದುಕೊಂಡರು. ಆದರೂ 2016ರ ಫೆಬ್ರವರಿಯಲ್ಲಿ ಎರಡೂ ಕಡೆಯವರು ಗೌಪ್ಯ ಒಪ್ಪಂದ ಮಾಡಿಕೊಂಡು ಬೇರೆಯಾದರು.

ಮುಸ್ಲಿಮರೂ ನಮ್ಮೊಂದಿಗೆ ಒಬ್ಬನೇ ಕರುಣಾಮಯ ದೇವರನ್ನು ಆರಾಧಿಸುತ್ತಾರೆ ಎಂಬುದು ಎರಡನೇ ವ್ಯಾಟಿಕನ್ ಮಹಾಸಭೆಯ 'ಲೂಮೆನ್ ಜೆಂತಿಯುಮ್' ದಾಖಲೆಯ 16ನೇ ಪರಿಚ್ಛೇದದಲ್ಲಿ 1964ರಲ್ಲಿಯೇ ಬರೆದಿಟ್ಟ ಮಾತು. 1965ರ 'ನೋಸ್ತ್ರ ಎತಾತೆ'ಯೂ ಅವರನ್ನು ಗೌರವದಿಂದ ಕಾಣಬೇಕೆಂದು ಹೇಳುತ್ತದೆ. ತ್ರೈಯೇಕ ದೇವರನ್ನು ಅವರು ನಂಬುವುದಿಲ್ಲ ಎಂಬುದನ್ನು ಮಹಾಸಭೆ ಮರೆತಿರಲಿಲ್ಲ. ಮಸೀದಿಯ ಪಕ್ಕದಲ್ಲೇ ಇಗರ್ಜಿ ಇರುವ ಊರುಗಳಲ್ಲಿ ಬೆಳೆದ ನಮಗೆ, ನಮ್ಮ ಸಭೆ ಅಧಿಕೃತವಾಗಿ ಬೋಧಿಸುವ ಒಂದು ಮಾತು ಇನ್ನೊಂದು ಕ್ರೈಸ್ತ ಸಂಸ್ಥೆಯಲ್ಲಿ ಕೆಲಸಕ್ಕೆ ಕುತ್ತಾಗಬಹುದು ಎಂಬುದು ಯೋಚಿಸುವಂತೆ ಮಾಡುತ್ತದೆ.

ಜೊತೆಗೆ ನಿಂತ ಸಂದರ್ಭಗಳು

ಇಷ್ಟನ್ನೇ ಓದಿ ವೀಟನ್ ಎಂದರೆ ಕಥೋಲಿಕ ವಿರೋಧಿ ಎಂದುಕೊಂಡರೆ ತಪ್ಪಾದೀತು. ನೌಕರರ ವಿಮೆಯಲ್ಲಿ ಗರ್ಭನಿರೋಧಕಗಳನ್ನು ಸೇರಿಸಬೇಕೆಂಬ ಸರಕಾರಿ ಆದೇಶದ ವಿರುದ್ಧ 2012ರ ಜುಲೈಯಲ್ಲಿ ವೀಟನ್ ನ್ಯಾಯಾಲಯಕ್ಕೆ ಹೋದದ್ದು ವಾಷಿಂಗ್ಟನ್‌ನ ಕ್ಯಾಥೊಲಿಕ್ ಯೂನಿವರ್ಸಿಟಿ ಆಫ್ ಅಮೆರಿಕಾದ ಜೊತೆಗೆ. 2014ರ ಜುಲೈ 3ರಂದು ಸುಪ್ರೀಂ ಕೋರ್ಟ್ ವೀಟನ್‌ಗೆ ತಾತ್ಕಾಲಿಕ ಪರಿಹಾರ ನೀಡಿತು. ಅದಕ್ಕೂ ಮೊದಲು, 1994ರಲ್ಲಿ, ಚಾರ್ಲ್ಸ್ ಕೋಲ್ಸನ್ ಮತ್ತು ಫಾದರ್ ರಿಚರ್ಡ್ ಜಾನ್ ನ್ಯೂಹಾಸ್ ಅವರ ನೇತೃತ್ವದಲ್ಲಿ ಇವ್ಯಾಂಜೆಲಿಕಲರೂ ಕಥೋಲಿಕರೂ ಸೇರಿ ಹೇಳಿಕೆ ಹೊರಡಿಸಿದಾಗ ಅದಕ್ಕೆ ಸಹಿ ಹಾಕಿದವರಲ್ಲಿ ವೀಟನ್‌ನ ಇತಿಹಾಸ ಪ್ರಾಧ್ಯಾಪಕ ಮಾರ್ಕ್ ನೋಲ್ ಇದ್ದರು. ಅದೇ ವರ್ಷ ಅವರು ಬರೆದ ಪುಸ್ತಕ ಇವ್ಯಾಂಜೆಲಿಕಲರು ಬುದ್ಧಿಯ ಕೆಲಸವನ್ನು ಕಡೆಗಣಿಸಿದ್ದಾರೆಂದು ತಮ್ಮವರನ್ನೇ ತರಾಟೆಗೆ ತೆಗೆದುಕೊಂಡಿತು. 2006ರಲ್ಲಿ, ಅಂದರೆ ಹೋಕ್‌ಶೀಲ್ಡ್ ಹೋದ ಮರುವರ್ಷ, ನೋಲ್ ಕಥೋಲಿಕ ನೋತ್ರ್ ದಾಮ್ ವಿಶ್ವವಿದ್ಯಾನಿಲಯ ಸೇರಿದರು. ಅವರು ಪ್ರೊಟೆಸ್ಟಂಟರಾಗಿಯೇ ಉಳಿದರು. ಅಲ್ಲಿ ಯಾರೂ ತಡೆಯಲಿಲ್ಲ.

ಕಾಲೇಜಿನ ಆವರಣದಲ್ಲಿ 1965ರಲ್ಲಿ ಆರಂಭವಾದ 'ವೇಡ್ ಸೆಂಟರ್' ಎಂಬ ಸಂಗ್ರಹಾಲಯವಿದೆ. ಏಳು ಬ್ರಿಟಿಷ್ ಲೇಖಕರ ಪುಸ್ತಕ, ಪತ್ರಗಳನ್ನು ಅಲ್ಲಿ ಜೋಪಾನವಾಗಿಟ್ಟಿದ್ದಾರೆ. ಸಿ.ಎಸ್. ಲೂಯಿಸ್ ಅವರ ಮನೆಯ ಕಪಾಟು, ಟೋಲ್ಕಿನ್ ಕುಳಿತು ಬರೆದ ಮೇಜು ನೋಡಲು ಜನ ಬರುತ್ತಾರೆ. ಆ ಏಳು ಮಂದಿಯಲ್ಲಿ ಟೋಲ್ಕಿನ್ ನಿಷ್ಠಾವಂತ ಕಥೋಲಿಕರು. ಚೆಸ್ಟರ್ಟನ್ 1922ರಲ್ಲಿ ಕಥೋಲಿಕರಾದವರು. ಹೋಕ್‌ಶೀಲ್ಡ್ ಪ್ರಕರಣದ ಲೆಕ್ಕದಲ್ಲಿ ಇವರಿಬ್ಬರಿಗೂ ಅಲ್ಲಿ ಪಾಠ ಮಾಡುವ ಕೆಲಸ ಸಿಗುತ್ತಿರಲಿಲ್ಲ.

ಅಮೆರಿಕದಲ್ಲಿ ಮಕ್ಕಳನ್ನು ಇಂಥ ಶಾಲೆಗೆ ಸೇರಿಸಲು ಯೋಚಿಸುವವರಿಗೆ ಒಂದು ಸೂಚನೆ. ಪತ್ರ ಎಲ್ಲ ಕಡೆ ಒಂದೇ ಅಲ್ಲ. ವೀಟನ್‌ನ ಪತ್ರ ಇವುಗಳಲ್ಲಿ ಸೌಮ್ಯವಾದದ್ದು. ಕೆಲವು ಶಾಲೆಗಳ ಪತ್ರದಲ್ಲಿ 'ವಿಶ್ವಾಸದಿಂದ ಮಾತ್ರ' ಎಂಬ ಮಾತು ಸ್ಪಷ್ಟವಾಗಿರುತ್ತದೆ, ಕೆಲವದರಲ್ಲಿ ಆರು ದಿನಗಳ ಸೃಷ್ಟಿಯೂ ಇರುತ್ತದೆ. ಕೆಲವು ಕಡೆ ತಂದೆತಾಯಿಯರ ಸಹಿಯನ್ನೂ, ಪಾಸ್ಟರ್ ಕೊಟ್ಟ ಶಿಫಾರಸು ಪತ್ರವನ್ನೂ ಕೇಳುತ್ತಾರೆ. ಸಹಿ ಹಾಕುವ ಮೊದಲು ಆ ಹಾಳೆಯನ್ನು ಪೂರ್ತಿ ಓದಿ, ಅನುಮಾನವಿದ್ದ ಕಡೆ ಗುರುತು ಹಾಕಿ ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ತೋರಿಸ��. ಮೊದಲ ಪರಮಪ್ರಸಾದದ ಸಿದ್ಧತೆ ಅಲ್ಲಿ ನಡೆಯುವುದಿಲ್ಲ. ಅದಕ್ಕೆ ಭಾನುವಾರದ ಧರ್ಮೋಪದೇಶದ ತರಗತಿಯನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕಾಗುತ್ತದೆ.